ಮೂವತ್ತೊಂದನೇ ನಂಬರಿನ ಜಾಬ್

ತಾಯಮ್ಮ ತನ್ನ ಕೈಯಾರೆ ಮಾಡಿದ ಕೆಲಸವನ್ನು ಅವಳು ಮಾಡಿದ್ದಲ್ಲ ಎಂದು ಹೇಳಿದವನು ನಾನು. ಹೇಳುವುದಕ್ಕೆ ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ. ಆಮೇಲೆ ಆರು ವರ್ಷ ಅದನ್ನು ಮುಚ್ಚಿಟ್ಟೆ. ಮುಚ್ಚಿಟ್ಟೆ ಎನ್ನುವುದೂ ಪೂರ್ತಿ ಸರಿಯಲ್ಲ — ಮುಚ್ಚಿಡಬೇಕಾದಂಥದ್ದು ನನ್ನ ಹತ್ತಿರ ಏನೋ ಇದೆ ಎಂದು ನನಗೆ ಹೊಳೆಯುವುದಕ್ಕೇ ಮೂರು ವರ್ಷ ಹಿಡಿಯಿತು. ಆ ಮೂರು ವರ್ಷ ನಾನು ಅವಳಿಗೆ ಉಪಕಾರ ಮಾಡಿದವನು ಎಂದುಕೊಂಡೇ ಓಡಾಡಿದೆ. ಅವಳೂ ಹಾಗೆಯೇ ಅಂದುಕೊಂಡಿದ್ದಳು. ಅದೇ ಹೇಳಲು ಕಷ್ಟವಾಗಿರುವುದು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ ಎಂದು ಮಾತು ಕೊಡಲಾರೆ. ಈ ಕಥೆಯನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೆ ಎಂದರೆ ಕೆಲವು ಕಡೆ ಅದು ಸವೆದು ನುಣುಪಾಗಿದೆ. ನುಣುಪಾದ ಕಡೆಯೆಲ್ಲ ನಾನು ಒಳ್ಳೆಯವನಾಗಿ ಕಾಣುತ್ತೇನೆ. ಅಂಥ ಜಾಗ ಬಂದಾಗ ಹೇಳುತ್ತೇನೆ. ಅಷ್ಟು ಮಾತ್ರ ಸಾಧ್ಯ.

ಚಾಮರಾಜನಗರದ ಒಂದು ಪಾಲಿಟೆಕ್ನಿಕ್‌ನಲ್ಲಿ ನಾನು ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್. ಊರು ಉಮ್ಮತ್ತೂರು, ಓದಿದ್ದು ಐಟಿಐ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡುವವರಿಗೆ ಲೇತ್ ಕಲಿಸುವುದು ನನ್ನ ಕೆಲಸ. ಉಕ್ಕಿನ ಸರಳನ್ನು ಲೇತ್‌ಗೆ ಕಚ್ಚಿಸಿ, ತಿರುಗಲು ಬಿಟ್ಟು, ಟೂಲ್ ಹಿಡಿದು ಅಳತೆಗೆ ಸರಿಯಾಗಿ ಕಡಿದು ತೆಗೆದ ತುಂಡನ್ನು ನಾವು ಜಾಬ್ ಎನ್ನುತ್ತೇವೆ. ಪರೀಕ್ಷೆಯ ದಿನ ಪ್ರತಿಯೊಬ್ಬರೂ ಮೂರು ಗಂಟೆಯೊಳಗೆ ಒಂದು ಜಾಬ್ ಮಾಡಿ, ಅದರ ಮೇಲೆ ತಮ್ಮ ನಂಬರನ್ನು ಪಂಚ್ ಹೊಡೆಸಿ ಮೇಜಿನ ಮೇಲಿಡಬೇಕು. ಪುಸ್ತಕದಲ್ಲಿರುವ ನಿಯಮ ಇಷ್ಟು.

ಪುಸ್ತಕದಲ್ಲಿಲ್ಲದ ಇನ್ನೊಂದಿತ್ತು. ಹುಡುಗಿಯರ ಜಾಬನ್ನು ನಾನು ಮಾಡುತ್ತಿದ್ದೆ.

ಬ್ಯಾಚಿಗೆ ಐವತ್ತು ಜನವಿದ್ದರೆ ಹುಡುಗಿಯರು ಮೂರೋ ನಾಲ್ಕೋ. ಪರೀಕ್ಷೆಗೆ ಎರಡು ದಿನ ಮುಂಚೆ ಅಷ್ಟು ತುಂಡುಗಳನ್ನು ನಾನೇ ತಿರುಗಿಸಿ ಬೀರುವಿನಲ್ಲಿ ಇಟ್ಟಿರುತ್ತಿದ್ದೆ. ಪರೀಕ್ಷೆಯ ದಿನ ಅವರು ಮಿಷಿನ್ನಿನ ಪಕ್ಕ ನಿಂತಿರುತ್ತಿದ್ದರು, ನಾನು ಮಿಷಿನ್ ಓಡಿಸಿದಂತೆ ಮಾಡುತ್ತಿದ್ದೆ, ಹೊರಗಿನಿಂದ ಬಂದ ಪರೀಕ್ಷಕರು ವರ್ಕ್‌ಶಾಪಿನ ಮುಖ್ಯಸ್ಥರಾದ ಫೋರ್‌ಮನ್ನರ ಕೋಣೆಯಲ್ಲಿ ಟೀ ಕುಡಿಯುತ್ತಿದ್ದರು. ಕೊನೆಗೆ ಬೀರುವಿನಿಂದ ತುಂಡು ಬರುತ್ತಿತ್ತು, ನಂಬರ್ ಬೀಳುತ್ತಿತ್ತು. ಯಾರೂ ಇದನ್ನು ಮೋಸ ಎನ್ನುತ್ತಿರಲಿಲ್ಲ. ‘ಹೆಣ್ಣುಮಕ್ಕಳಿಗೆ ಸಹಾಯ’ ಎನ್ನುತ್ತಿದ್ದೆವು. ಯಾವುದೋ ಕಾಲೇಜಿನಲ್ಲಿ ಒಬ್ಬ ಹುಡುಗಿಯ ವೇಲು ಸರಳನ್ನು ಕಚ್ಚಿ ಹಿಡಿದು ತಿರುಗುವ ಚಕ್‌ಗೆ ಸಿಕ್ಕಿಕೊಂಡು ಕತ್ತು ಮುರಿದಿತ್ತು ಎಂದು ಫೋರ್‌ಮನ್ ಪ್ರತಿ ವರ್ಷ ಹೇಳುತ್ತಿದ್ದರು. ಯಾವ ಊರು ಎಂದು ಕೇಳಿದರೆ ಒಂದು ವರ್ಷ ಮಂಡ್ಯ, ಇನ್ನೊಂದು ವರ್ಷ ಹಾಸನ. ವೇಲು ಬಿಚ್ಚಿಟ್ಟು ಬನ್ನಿ ಎನ್ನುವುದು ಯಾರಿಗೂ ತೋಚಲಿಲ್ಲ. ಮಿಷಿನ್ ಬಿಟ್ಟುಬಿಡಿ ಎನ್ನುವುದು ತೋಚಿತು.

ಹಾಗಾದರೆ ವರ್ಷವೆಲ್ಲ ಹುಡುಗಿಯರು ಏನು ಮಾಡುತ್ತಿದ್ದರು? ರೆಕಾರ್ಡ್ ಬರೆಯುತ್ತಿದ್ದರು. ತಮ್ಮದು ಬರೆದು, ಹುಡುಗರದ್ದೂ ಬರೆಯುತ್ತಿದ್ದರು. ಇಡೀ ಬ್ಯಾಚಿನ ರೆಕಾರ್ಡುಗಳು ನಾಲ್ಕೇ ಕೈಬರಹದಲ್ಲಿ ಇರುತ್ತಿದ್ದವು. ಅಕ್ಷರ ದುಂಡಗಿದೆ ಎಂದು ನಾನು ಹೊಗಳುತ್ತಿದ್ದೆ.

ತಾಯಮ್ಮ ಒಂದು ಬ್ಯಾಚಿನ ಅಂಥ ನಾಲ್ವರಲ್ಲಿ ಒಬ್ಬಳು. ಹಾಜರಿ ಪುಸ್ತಕದಲ್ಲಿ ಚಿಕ್ಕತಾಯಮ್ಮ, ನಂಬರ್ ಮೂವತ್ತೊಂದು. ತೆರಕಣಾಂಬಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವಳಪ್ಪ ಅಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದ. ಚಿಕ್ಕಂದಿನಿಂದ ಬೆಲ್ಟು, ಬೇರಿಂಗು, ಮೋಟರುಗಳ ನಡುವೆ ಬೆಳೆದವಳು. ಒಂದು ದಿನ ನೋಟ್ಸ್ ಬರೆಯುತ್ತಾ ಕೂತಿದ್ದವಳು ತಲೆಯೆತ್ತಿ, “ಸಾ, ಆ ಮೂರ್ನೇ ಮಿಷಿನ್ ಬೇರಿಂಗ್ ಓಗ್ಬುಟ್ಟದೆ. ಸದ್ದು ಕೇಳಿ, ಗೊರಗೊರ ಅಂತದೆ” ಎಂದಳು. ಫೋರ್‌ಮನ್ ನಕ್ಕರು. ಹದಿನೈದು ದಿನಕ್ಕೆ ಆ ಬೇರಿಂಗ್ ಜಾಮ್ ಆಯಿತು.

ಇದು ನಡೆಯಿತೆ? ನಡೆದಿದೆ ಎಂದೇ ನನ್ನ ನೆನಪು. ಆದರೆ ಅವಳನ್ನು ದೊಡ್ಡವಳನ್ನಾಗಿ ಮಾಡಬೇಕೆಂದು ಆಮೇಲೆ ನಾನೇ ಜೋಡಿಸಿಕೊಂಡೆನೇನೋ ಎಂಬ ಅನುಮಾನವೂ ಇದೆ. ಬೇರಿಂಗ್ ಹೋದದ್ದು ನಿಜ, ಬದಲಾಯಿಸಿದವನು ನಾನೇ. ಅವಳು ಹೇಳಿದ್ದು ಅದಕ್ಕೆ ಮುಂಚೆಯೋ ಆಮೇಲೋ — ಅದನ್ನು ಪ್ರಮಾಣ ಮಾಡಿ ಹೇಳಲಾರೆ.

ಪರೀಕ್ಷೆಯ ದಿನದ ಬಗ್ಗೆ ಮಾತ್ರ ಅನುಮಾನವಿಲ್ಲ. ಅದು ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆ. ಅವಳು ಚೂಡಿದಾರದ ಮೇಲೆ ಅಪ್ಪನ ಖಾಕಿ ಅಂಗಿ ತೊಟ್ಟು ಬಂದಿದ್ದಳು. ವೇಲು ಇರಲಿಲ್ಲ. ಜಡೆಯನ್ನು ಸುತ್ತಿ ಕರ್ಚೀಫಿನಿಂದ ಬಿಗಿದು ಕಟ್ಟಿದ್ದಳು. ಬೀರುವಿನಲ್ಲಿ ನಾಲ್ಕು ತುಂಡುಗಳು ತಯಾರಿದ್ದವು. ನಾನು ಎಂದಿನಂತೆ ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ನೇರವಾಗಿ ನನ್ನ ಹತ್ತಿರ ಬಂದಳು.

“ಸಾ, ನಂದ ನಾನೇ ಮಾಡ್ತೀನಿ.”

“ಸುಮ್ನಿರು ಕಣಮ್ಮಿ. ಟೇಪರ್ ಅದೆ, ತ್ರೆಡ್ ಅದೆ. ಮೂರ್ ಗಂಟೇಲಿ ಆಯ್ತದಾ ನಿನ್ ಕೈಲಿ?”

“ಆಗ್ದಿದ್ರೆ ಫೇಲ್ ಮಾಡ್ಬುಡಿ ಸಾ. ನಾನೇನೂ ಅನ್ನಲ್ಲ.”

ಪಕ್ಕದ ಮಿಷಿನ್ನಿನಲ್ಲಿದ್ದ ಮಹೇಶ ಎಂಬ ಹುಡುಗ ಎಲ್ಲರಿಗೂ ಕೇಳುವಂತೆ ಕೂಗಿದ: “ಲೋ, ತಾಯಮ್ಮ ಇವತ್ತು ಲೇತ್‌ಗೆ ಪೂಜೆ ಮಾಡ್ತಳಂತೆ ಕಣ್ಲಾ, ಯಾರಾರ ಕಾಯಿ ತನ್ನಿ!”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವಳು ಅವನತ್ತ ತಿರುಗಿಯೂ ನೋಡಲಿಲ್ಲ. ಸರಳನ್ನು ಚಕ್‌ಗೆ ಕಚ್ಚಿಸುತ್ತಲೇ, “ನಿನ್ ರೆಕಾರ್ಡ್ ಬರ್ದೋಳು ನಾನು ಕಣ. ಬಾಯ್ ಮುಚ್ಕಂಡು ನಿನ್ ರಾಡ್ ನೋಡ್ಕೊ, ಕುಣೀತಾ ಅದೆ” ಎಂದಳು.

ಅವನ ಸರಳು ಕುಣಿಯುತ್ತಲೇ ಇತ್ತು. ನಡು ಸರಿಯಾಗಿ ಕೂರಿಸಿರಲಿಲ್ಲ. ನಾನು ಹೋಗಿ ಸರಿ ಮಾಡಿಕೊಟ್ಟೆ. ಹುಡುಗರಿಗೆ ಅಷ್ಟು ಸಹಾಯ ಮಾಡುವುದು ಸಹಾಯ ಎಂದು ಯಾರಿಗೂ ಅನಿಸುತ್ತಿರಲಿಲ್ಲ, ಅದು ಪಾಠದ ಭಾಗ.

ಮೂರು ಗಂಟೆಯ ಅವಧಿ ಮುಗಿಯಲು ಇನ್ನೂ ಹತ್ತು ನಿಮಿಷ ಇರುವಾಗ ಅವಳು ಮಿಷಿನ್ ನಿಲ್ಲಿಸಿದಳು. ಮೊಣಕೈವರೆಗೆ ಎಣ್ಣೆ, ಎಡಗೈ ಹೆಬ್ಬೆರಳಿನಲ್ಲಿ ಬಿಸಿ ಉಕ್ಕಿನ ಸುರುಳಿ ಸೀಳಿದ ಗಾಯ. ಜಾಬ್ ನೋಡಿದೆ. ಅಳತೆ ಹಿಡಿದೆ. ಟೇಪರ್, ಅಂದರೆ ತುದಿಯತ್ತ ಸಣ್ಣಗಾಗುವ ಇಳಿಜಾರು, ಸರಿಯಿತ್ತು, ನಟ್ ಹಾಕಿದರೆ ತ್ರೆಡ್ ಮೇಲೆ ನೀರು ಹರಿದ ಹಾಗೆ ತಿರುಗುತ್ತಿತ್ತು. ನಾನೇ ಮೂವತ್ತೊಂದು ಎಂದು ಪಂಚ್ ಹೊಡೆದೆ. ಆಗ ಅವಳು ನಕ್ಕಳೇ? ನೆನಪಿಲ್ಲ. ಬೀರುವಿನಲ್ಲಿ ಒಂದು ತುಂಡು ಮಿಕ್ಕಿತ್ತು, ಅದು ನೆನಪಿದೆ. ಅಷ್ಟು ವರ್ಷದಲ್ಲಿ ಒಂದು ಮಿಕ್ಕಿದ್ದು ಅದೇ ಮೊದಲು. ಅದನ್ನು ನೋಡಿ ನನಗೆ ಸಂತೋಷವಾಗಲಿಲ್ಲ — ಇದನ್ನು ಬರೆಯಲೇಬೇಕು — ಸಣ್ಣ ಅವಮಾನವಾಯಿತು. ಬಡಿಸಿದ್ದನ್ನು ಎಲೆಯಲ್ಲೇ ಬಿಟ್ಟು ನೆಂಟರು ಎದ್ದುಹೋದರೆ ಆಗುತ್ತದಲ್ಲ, ಆ ಥರದ್ದು.

ಒಂದು ತಿಂಗಳ ಮೇಲೆ ನಂಜನಗೂಡಿನ ಕಡೆಯ ಒಂದು ಕಾರ್ಖಾನೆಯಿಂದ ಅಧಿಕಾರಿಯೊಬ್ಬರು ಬಂದರು. ಮಿಷಿನ್ ಶಾಪಿಗೆ ಎಂಟು ಜನ ಟ್ರೈನಿಗಳು ಬೇಕು, ಕೊನೆಯ ವರ್ಷದವರಲ್ಲಿ ಆರಿಸಿಕೊಳ್ಳುತ್ತೇವೆ ಎಂದರು. ನಮ್ಮ ಕಾಲೇಜಿಗೆ ಹಾಗೆ ಹುಡುಕಿಕೊಂಡು ಬರುವವರು ಅಪರೂಪ. ಫೋರ್‌ಮನ್ನರ ಕೋಣೆಯಲ್ಲಿ ಮೇಜಿನ ಮೇಲೆ ಪರೀಕ್ಷೆಯ ಜಾಬುಗಳನ್ನು ಸಾಲಾಗಿ ಇಟ್ಟಿದ್ದೆವು. ಹುಡುಗರು, ಹುಡುಗಿಯರು ಹೊರಗೆ ವರಾಂಡದಲ್ಲಿ ಕಾಯುತ್ತಿದ್ದರು. ಬಾಗಿಲು ಮುಚ್ಚಿತ್ತು. ಒಳಗೆ ಮೂವರೇ: ಅಧಿಕಾರಿ, ಫೋರ್‌ಮನ್, ನಾನು.

ಅಧಿಕಾರಿ ತಮ್ಮದೇ ವರ್ನಿಯರ್ ತಂದಿದ್ದರು. ಒಂದೊಂದೇ ಜಾಬ್ ಎತ್ತಿ ಅಳೆದು ಕೆಲವನ್ನು ಪಕ್ಕಕ್ಕೆ ಇಡುತ್ತಾ ಹೋದರು. ಒಂದನ್ನು ಎರಡು ಸಲ ಅಳೆದರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. “ಇದು ಚೆನ್ನಾಗಿದೆ. ಮೂವತ್ತೊಂದು. ಯಾರಿದು?” ಎಂದು ಪಟ್ಟಿ ನೋಡಿದರು. “ಹುಡುಗಿನಾ? ಅವಳೇ ಮಾಡಿದ್ದಾ?”

ಇಲ್ಲಿಂದ ಮುಂದೆ ನನ್ನ ಬಳಿ ಮೂರು ನೆನಪುಗಳಿವೆ.

ಒಂದರಲ್ಲಿ ಫೋರ್‌ಮನ್ ಉತ್ತರ ಕೊಡುತ್ತಾರೆ, ನಾನು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತೇನೆ. ಇನ್ನೊಂದರಲ್ಲಿ ಯಾರೂ ಏನೂ ಹೇಳುವುದಿಲ್ಲ; ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಮುಗುಳ್ನಗುತ್ತೇವೆ, ಅಧಿಕಾರಿ ತಾವೇ ಅರ್ಥ ಮಾಡಿಕೊಳ್ಳುತ್ತಾರೆ. ಬಹಳ ಕಾಲ ನಾನು ಮೊದಲನೆಯದನ್ನು ನಂಬಿದ್ದೆ, ಅದು ಹಳತಾದ ಮೇಲೆ ಎರಡನೆಯದನ್ನು. ಎರಡರಲ್ಲೂ ನನ್ನ ಬಾಯಿ ಮುಚ್ಚಿರುತ್ತದೆ. ಮೂರನೆಯದರಲ್ಲಿ ಒಂದು ವಾಕ್ಯವಿದೆ:

“ಎಣ್ಣೈಕ್ಳ ಜಾಬ್ನ ನಾವೇ ಮಾಡ್ಕೊಡೋದು ಸಾ.”

ಫೋರ್‌ಮನ್ ಮೈಸೂರು ಪೇಟೆಯವರು. ಹೆಣ್ಣುಮಕ್ಕಳನ್ನು ‘ಎಣ್ಣೈಕ್ಳು’ ಎನ್ನುವ ನಾಲಗೆ ಆ ಕೋಣೆಯಲ್ಲಿ ಒಂದೇ ಇತ್ತು. ಉಮ್ಮತ್ತೂರಿನದು. ಹಾಗಾಗಿ ಹೇಳಿದವನು ನಾನು.

ಯಾಕೆ ಹೇಳಿದೆ? ಒಂದು ಕಾರಣ ಸಿಕ್ಕಿದ್ದರೆ ಎಷ್ಟು ನೆಮ್ಮದಿಯಾಗಿರುತ್ತಿತ್ತು! ನನ್ನ ನೆಂಟರ ಹುಡುಗ ಯಾರಾದರೂ ಆ ಪಟ್ಟಿಯಲ್ಲಿದ್ದಿದ್ದರೆ, ಅವನಿಗಾಗಿ ಸುಳ್ಳು ಹೇಳಿದೆ ಎನ್ನಬಹುದಿತ್ತು. ಯಾರೂ ಇರಲಿಲ್ಲ. ಅವಳ ಮೇಲೆ ಸಿಟ್ಟಿತ್ತೆ? ಆ ಮಿಕ್ಕಿದ ತುಂಡು... ಇರಬಹುದು, ಆದರೆ ಒಂದು ತಿಂಗಳು ಉಳಿಯುವಷ್ಟು ಸಿಟ್ಟಲ್ಲ. ಉಳಿದ ಮೂವರ ಗುಟ್ಟು ಹೊರಬರುತ್ತದೆಂದು ಹೆದರಿದೆನೆ? ಹೆದರಿದವನು ಗುಟ್ಟನ್ನು ತಾನೇ ಹೇಳುತ್ತಾನೆಯೆ? ನನಗನಿಸುವುದು ಇಷ್ಟೆ: ದೊಡ್ಡ ಕಾರ್ಖಾನೆಯ ಅಧಿಕಾರಿ ಎದುರಿಗಿದ್ದರು, ನಗುನಗುತ್ತಾ ಕೇಳಿದರು, ಒಳಗಿನವರಿಗೆ ಗೊತ್ತಿರುವ ಒಂದು ಮಾತು ಹೇಳಿ ಅವರ ಜೊತೆ ನಗಬೇಕೆನಿಸಿತು. ಗಂಡಸರು ಮೂವರೇ ಇದ್ದಾಗ ಬಾಯಿಗೆ ತಾನಾಗಿ ಬರುವ ಮಾತು ಅದು. ನಾಲ್ಕರಲ್ಲಿ ಮೂರು ತುಂಡಿನ ಮಟ್ಟಿಗೆ ಅದು ನಿಜವೂ ಆಗಿತ್ತು. ಅವರು ಕೈಯಲ್ಲಿ ಹಿಡಿದಿದ್ದು ನಾಲ್ಕನೆಯದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಅಧಿಕಾರಿ “ಓ” ಎಂದು ನಕ್ಕು, ಜಾಬನ್ನು ಮೊದಲಿದ್ದ ಸಾಲಿಗೆ ವಾಪಸ್ ಇಟ್ಟರು. ಆಮೇಲೆ, “ಅಕ್ಷರ ಚೆನ್ನಾಗಿರೋ ಒಬ್ಬರು ಸ್ಟೋರ್ಸ್‌ಗೂ ಬೇಕು. ಈ ಹುಡುಗಿ ಮಾರ್ಕ್ಸ್ ಚೆನ್ನಾಗಿದೆ, ಇವಳನ್ನೇ ಹಾಕ್ಕೊಳ್ಳೋಣ” ಎಂದರು. “ಒಳ್ಳೇದು ಸಾ, ಬೋ ಒಳ್ಳೆ ಹುಡುಗಿ” ಎಂದೆ. ಇದು ಎಷ್ಟು ಉತ್ಸಾಹದಿಂದ ಬಂತು ಎನ್ನುವುದು ಈಗಲೂ ಕಿವಿಯಲ್ಲಿದೆ. ಬಾಗಿಲು ತೆರೆದು, ವರಾಂಡದಲ್ಲಿ ನಿಂತಿದ್ದ ಅವಳಿಗೆ ಮೊದಲು ಸುದ್ದಿ ಹೇಳಿದವನೂ ನಾನೇ.

ಮಿಷಿನ್ ಶಾಪಿಗೆ ಎಂಟು ಹುಡುಗರು ಆಯ್ಕೆಯಾದರು. ಅವರಲ್ಲಿ ಮಹೇಶನೂ ಒಬ್ಬ. ಸಾಮಾನಿನ ಲೆಕ್ಕ ಬರೆಯುವ ಸ್ಟೋರ್ಸ್‌ಗೆ ತಾಯಮ್ಮ.

ಆ ವಾರ ಅವಳು ಅಪ್ಪನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಆತ ಒಂದು ಡಬ್ಬಿಯ ತುಂಬ ಹುರಿಹಿಟ್ಟು ತಂದಿದ್ದ — ರಾಗಿ ಹುರಿದು ತನ್ನ ಮಿಲ್ಲಿನಲ್ಲೇ ಬೀಸಿದ್ದು. ಎಷ್ಟು ಹೇಳಿದರೂ ಕುರ್ಚಿಯ ಮೇಲೆ ಕೂರಲಿಲ್ಲ.

“ನೀವು ಒಂದ್ ಮಾತು ಏಳುದ್ರಂತಲ್ಲ ಸಾಮಿ, ಅದ್ಕೇ ಸಿಕ್ತು ನಮ್ ಮಗಿಗೆ. ನಿಮ್ ಮಾತ್ ನಡೀತದೆ ಅಂತ ಊರೆಲ್ಲ ಏಳ್ಕಂಡ್ ಬಂದಿವ್ನಿ.”

“ನಂದೇನದೆ ಬುಡಿ ಅಣ್ಣ, ಅವ್ಳು ಓದಿದ್ಲು” ಎಂದೆ. ವಿನಯದ ಮಾತು. ಆ ಕ್ಷಣದಲ್ಲಿ ನಾನು ಹೇಳಿದ ಆ ‘ಒಂದು ಮಾತು’ ಯಾವುದು ಎಂದು ನನಗೆ ನೆನಪಾಗಲಿಲ್ಲವೆ? ಆಗಲಿಲ್ಲ ಎಂದು ಬರೆದರೆ ನೀವು ನಂಬಬಹುದು. ನಾನು ನಂಬುವುದಿಲ್ಲ.

ತಾಯಮ್ಮ ಹೊರಡುವಾಗ, “ಸಾ, ಮಿಷಿನ್ ಮೇಲೆ ಯಾವಾಗ ಆಕ್ತಾರೆ?” ಎಂದು ಕೇಳಿದಳು.

“ಆಕ್ತಾರೆ ಕಣಮ್ಮಿ. ಮೊದ್ಲು ಸ್ಟೋರ್ಸು, ಆಮೇಲೆ ಮಿಷಿನ್ನು. ದೊಡ್ ಫ್ಯಾಕ್ಟ್ರೀಲಿ ಅಂಗೇಯ.”

ಹುರಿಹಿಟ್ಟು ಒಂದು ತಿಂಗಳು ಬಂತು. ಬೆಲ್ಲ, ಕಾಯಿತುರಿ ಹಾಕಿ ಕಲಸಿ ಮನೆಮಂದಿಯೆಲ್ಲ ತಿಂದೆವು.

ಮೂರು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಳು. ನಾನು ಮದುವೆಯೊಂದಕ್ಕೆ ಹೋಗಿ ವಾಪಸ್ ಹೊರಟಿದ್ದೆ. ಅವಳು ರಜೆಗೆ ಊರಿಗೆ ಹೋಗುತ್ತಿದ್ದಳು. ಚಾಮರಾಜನಗರದ ಬಸ್ಸು ತೆರಕಣಾಂಬಿಯ ಮೇಲೇ ಹೋಗುತ್ತದೆ, ಒಂದೇ ಬಸ್ಸು ಹತ್ತಿದೆವು. ಅವಳು ಮುಂದಿನ ಸೀಟಿನಲ್ಲಿ ಕೂತು ಹಿಂದಕ್ಕೆ ತಿರುಗಿ ಮಾತಾಡತೊಡಗಿದಳು. ರಸ್ತೆಯ ಎರಡೂ ಕಡೆ ಚೆಂಡುಹೂವಿನ ಹೊಲಗಳಿದ್ದವು ಎಂದು ನೆನಪು. ಆದರೆ ಮದುವೆಯ ಕಾಲ ಬೇಸಿಗೆ, ಬೇಸಿಗೆಯಲ್ಲಿ ಚೆಂಡುಹೂವು ಎಲ್ಲಿಂದ ಬರಬೇಕು? ಹೂವನ್ನು ಬಿಡಿ. ಅವಳ ಮಾತು ಇದು:

“ಮೂರ್ ಸಲ ಅರ್ಜಿ ಕೊಟ್ಟೆ ಸಾ, ಮಿಷಿನ್ ಶಾಪ್‌ಗೆ ಆಕಿ ಅಂತ. ಮೂರ್ನೇ ಸಲ ಆಫೀಸಿನ ಮೇಡಮ್ಮು ಪಾಪ ಫೈಲ್ ತಗ್ದು ತೋರ್ಸುದ್ರು. ಇಂಟರ್‌ವ್ಯೂ ದಿನದ ಕಾಗ್ದದಲ್ಲೇ ಬರ್ದದೆ — ಮಿಷಿನ್ ಕೆಲಸ ಬರಲ್ಲ, ಸ್ಟೋರ್ಸ್‌ಗೆ ಸರಿ ಅಂತ. ಅವತ್ತು ನನ್ನ ಯಾರೂ ಕೇಳ್ಲೇ ಇಲ್ವಲ್ಲ ಸಾ. ಕೇಳ್ದೆ ಅದ್ಯಂಗ್ ಬರ್ದ್ರು?”

ಸಿಟ್ಟಿನಿಂದ ಕೇಳಲಿಲ್ಲ. ನಗುತ್ತಲೇ ಕೇಳಿದಳು. ಲೆಕ್ಕ ಹೊಂದದಿದ್ದಾಗ ಮೇಷ್ಟರನ್ನು ಕೇಳುವ ಹಾಗೆ.

ಗುಂಡ್ಲುಪೇಟೆಯಿಂದ ತೆರಕಣಾಂಬಿಗೆ ಅರ್ಧ ಗಂಟೆಯೂ ಆಗುವುದಿಲ್ಲ. ಆ ಅರ್ಧ ಗಂಟೆಯಲ್ಲಿ ನನಗೆ ಎಲ್ಲ ತಿಳಿಯಿತು. ಆ ‘ಒಂದು ಮಾತು’ ಕಾಗದದ ಮೇಲೆ ಬಿದ್ದು, ಕಾಗದ ಫೈಲಿಗೆ ಸೇರಿ, ಫೈಲು ಮೂರು ವರ್ಷ ಅವಳಿಗಿಂತ ಮುಂದೆ ಮುಂದೆ ನಡೆದು ಹೋಗಿ ಪ್ರತಿ ಬಾಗಿಲಲ್ಲೂ ನಿಂತಿತ್ತು. ನಾನು ಹೇಳಬಹುದಿತ್ತು. ಬಸ್ಸಿನ ಸದ್ದಿನಲ್ಲಿ ಬೇರೆ ಯಾರಿಗೂ ಕೇಳುತ್ತಿರಲಿಲ್ಲ. ನಾನು ಹೇಳಿದ್ದು:

“ದೊಡ್ ಫ್ಯಾಕ್ಟ್ರಿ ಕಣಮ್ಮ. ಅವ್ರಿಗೆ ತೋಚ್ದಂಗೆ ಬರ್ಕತಾರೆ.”

ಮೊದಲನೆಯದು ಬಾಯಿಗೆ ಬಂದದ್ದನ್ನು ಆಡಿಬಿಟ್ಟ ತಪ್ಪು. ಇದು ಯೋಚಿಸಿ, ಅಳೆದು, ಆಡಿದ ಮಾತು. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಕೇಳಿದರೆ ನಾನು ಬಸ್ಸನ್ನು ತೋರಿಸುತ್ತೇನೆ. ತೆರಕಣಾಂಬಿಯಲ್ಲಿ ಇಳಿಯುವಾಗ ಅವಳು, “ಮನೆಗ್ ಬನ್ನಿ ಸಾ, ಅಪ್ಪ ಖುಷಿ ಪಡ್ತಾನೆ” ಎಂದಳು. ಇನ್ನೊಂದು ದಿನ ಎಂದೆ.

ಮತ್ತೆ ಮೂರು ವರ್ಷ. ಕಾರ್ಖಾನೆಯ ಸ್ಟೋರ್ಸ್‌ಗೆ ಕಂಪ್ಯೂಟರ್ ಬಂತು, ಅಲ್ಲಿದ್ದ ನಾಲ್ವರಲ್ಲಿ ಮೂವರು ಬೇಡವಾದರು, ತಾಯಮ್ಮ ಮನೆಗೆ ಬಂದಳು. ಮಿಷಿನ್ ಶಾಪಿನ ಹುಡುಗರು ಅಷ್ಟರಲ್ಲಿ ಕಾಯಂ ಆಗಿದ್ದರು, ಇಲ್ಲವೇ ಆ ಅನುಭವ ತೋರಿಸಿ ಬೇರೆಡೆ ಸೇರಿದ್ದರು. ಒಂದು ದಿನ ಅವಳ ಫೋನ್ ಬಂತು. ಗುಂಡ್ಲುಪೇಟೆಯಲ್ಲಿ ಯಾರೋ ಖಾಸಗಿ ಐಟಿಐ ತೆರೆಯುತ್ತಿದ್ದಾರೆ, ಲೇತ್ ಕಲಿಸುವವರು ಬೇಕಂತೆ, ಅರ್ಜಿ ಹಾಕಿದ್ದೇನೆ ಎಂದಳು. “ಸ್ಟೋರ್ಸ್ ಸರ್ಟಿಫಿಕೇಟ್ ಒಂದೇ ಅದೆ ಸಾ ನನ್ ತಾವ. ಲೇತ್ ಬತ್ತದೆ ಅಂತ ನೀವೊಂದು ಕಾಗ್ದ ಬರ್ಕೊಟ್ರೆ...”

ಕಾಗದ ಬರೆಯಲು ಕೂತೆ. ‘ಪರೀಕ್ಷೆಯಲ್ಲಿ ಈಕೆ ತನ್ನ ಜಾಬನ್ನು ಸ್ವತಃ ಮಾಡಿದ್ದಾಳೆ’ ಎಂದು ಬರೆದೆ. ಬರೆದು ನೋಡುತ್ತಾ ಕೂತೆ. ಪರೀಕ್ಷೆಯಲ್ಲಿ ಎಲ್ಲರೂ ಸ್ವತಃ ಮಾಡುವುದೇ ಅಲ್ಲವೆ? ಅದನ್ನು ಎತ್ತಿ ಹೇಳಿದರೆ ಓದುವವರು ಕೇಳುತ್ತಾರೆ: ಹಾಗಾದರೆ ಮಿಕ್ಕವರದ್ದು? ಅವಳ ಬಗ್ಗೆ ಒಂದು ಸಾಲು ನಿಜ ಬರೆಯಬೇಕಾದರೆ ನನ್ನ ಬಗ್ಗೆ ಹದಿನೈದು ವರ್ಷದ ನಿಜ ಬರೆಯಬೇಕಿತ್ತು. ಆ ಹಾಳೆ ಹರಿದೆ. ಹೊಸ ಹಾಳೆಯಲ್ಲಿ, ‘ಈಕೆ ಶ್ರದ್ಧೆಯುಳ್ಳ, ವಿನಯವಂತ ವಿದ್ಯಾರ್ಥಿನಿ, ವರ್ಕ್‌ಶಾಪ್ ವಿಷಯದಲ್ಲಿ ಉತ್ತಮ ಅಂಕ ಪಡೆದಿದ್ದಾಳೆ’ ಎಂದು ಬರೆದೆ. ಹುಡುಗಿಯರಿಗೆ ಯಾವಾಗಲೂ ಬರೆದುಕೊಡುವ ಕಾಗದವೇ ಅದು. ಹೆಸರು ಬದಲಾಯಿಸಿದರೆ ಮುಗಿಯಿತು.

ಭಾನುವಾರ ಬೆಳಿಗ್ಗೆ ಗುಂಡ್ಲುಪೇಟೆಗೆ ನಾನೇ ತೆಗೆದುಕೊಂಡು ಹೋದೆ. ನಿಲ್ದಾಣದ ಎದುರು ಒಂದು ಹೋಟೆಲಿನಲ್ಲಿ ಕೂತೆವು. ಅವಳು ಕಾಗದವನ್ನು ಎರಡು ಸಲ ಓದಿದಳು.

“ಸಾ, ಲೇತ್ ವಿಷ್ಯವೇ ಇಲ್ವಲ್ಲ ಇದ್ರಲ್ಲಿ? ಜಾಬ್ನ ನಾನೇ ಮಾಡ್ದೆ ಅಂತ ಒಂದ್ ಸಾಲು ಆಕಿ ಸಾ. ನಿಮ್ ಕಣ್ಮುಂದೇ ಮಾಡಿದ್ನಲ್ಲ.”

ಪೆನ್ನು ತೆಗೆದು ಮೇಜಿನ ಮೇಲಿಟ್ಟಳು. ನಾನು ಅದನ್ನು ಮುಟ್ಟಲಿಲ್ಲ. ಆಗ ಹೇಳಿದೆ. ಕೋಣೆ, ವರ್ನಿಯರ್, ಅಧಿಕಾರಿಯ ಪ್ರಶ್ನೆ, ನನ್ನ ವಾಕ್ಯ — ಅದೇ ಪದಗಳಲ್ಲಿ. ಬಸ್ಸಿನಲ್ಲಿ ಗೊತ್ತಿದ್ದೂ ಸುಳ್ಳು ಹೇಳಿದ್ದನ್ನೂ ಹೇಳಿದೆ. ಧೈರ್ಯದಿಂದ ಹೇಳಿದೆ ಎಂದು ತಿಳಿಯಬೇಡಿ. ಬೇರೆ ದಾರಿಯಿದ್ದಿದ್ದರೆ ಆ ದಿನವೂ ಅದನ್ನೇ ಹಿಡಿಯುತ್ತಿದ್ದೆ.

ಟೀ ಬಂತು. ಅವಳು ನಿಧಾನವಾಗಿ ಪೂರ್ತಿ ಕುಡಿದಳು. ಲೋಟ ಕೆಳಗಿಟ್ಟು ಕೇಳಿದಳು:

“ಈಗ್ಲೂ ಎಣ್ಣೈಕ್ಳ ಜಾಬ್ನ ನೀವೇ ಮಾಡ್ಕೊಡ್ತಿದ್ದೀರಾ ಸಾ?”

ಅವಳು ಏನೇನು ಕೇಳಬಹುದು ಎಂದು ಬಸ್ಸಿನಲ್ಲಿ ಬರುವಾಗ ಯೋಚಿಸಿಕೊಂಡಿದ್ದೆ. ಇದು ಅದರಲ್ಲಿ ಇರಲಿಲ್ಲ. ಹಿಂದಿನ ತಿಂಗಳಷ್ಟೇ ಪರೀಕ್ಷೆ ಮುಗಿದಿತ್ತು. ಬೀರುವಿನಲ್ಲಿ ಆರು ಇಟ್ಟಿದ್ದೆ, ಆರೂ ಖರ್ಚಾಗಿದ್ದವು.

“ಹೂಂ” ಎಂದೆ.

ಕಾಗದ ಕೊಡಮ್ಮ, ಈಗಲೇ ಆ ಸಾಲು ಬರೆಯುತ್ತೇನೆ, ಏನು ಬೇಕಾದರೂ ಬರೆಯುತ್ತೇನೆ ಎಂದು ಪೆನ್ನಿಗೆ ಕೈ ಹಾಕಿದೆ. ಅವಳು ಕಾಗದವನ್ನು ಮಡಿಸಿ ನನ್ನ ಕಡೆಗೆ ತಳ್ಳಿದಳು.

“ಬ್ಯಾಡ ಸಾ. ಇದ್ನ ಕೊಟ್ರೆ ಅವ್ರು ನಿಮ್ಗೇ ಫೋನ್ ಮಾಡಿ ಕೇಳ್ತಾರೆ. ನೀವು ಏನಂತಿರೋ ನಂಗ್ ಗೊತ್ತಿಲ್ವಲ್ಲ.”

ಪೆನ್ನು ಎತ್ತಿಕೊಂಡು ಎದ್ದು ಹೋದಳು. ಹೋಗುವಾಗ “ಬತ್ತೀನಿ ಸಾ” ಎಂದಳು. ಅಭ್ಯಾಸ ಬಲ.

ಸಂದರ್ಶನಕ್ಕೆ ಅವಳು ಕಾಗದವಿಲ್ಲದೆ ಹೋದಳು. ಇದನ್ನು ನನಗೆ ಹೇಳಿದವನು ಮಹೇಶ, ಯಾಕೆಂದರೆ ಆ ಕೆಲಸ ಸಿಕ್ಕಿದ್ದು ಅವನಿಗೆ. ಸಿಹಿ ಹಿಡಿದುಕೊಂಡು ನಮ್ಮ ವರ್ಕ್‌ಶಾಪಿಗೆ ಬಂದಿದ್ದ. “ತಾಯಮ್ಮನೂ ಬಂದಿದ್ಲು ಸಾ. ಲೇತ್ ಮೇಲೆ ಮಾಡಿ ತೋರುಸ್ತೀನಿ ಅಂತ ಕೂತ್ಲು. ಮಿಷಿನ್ನೇ ಇನ್ನೂ ಬಂದಿರ್ಲಿಲ್ಲ, ಏನ್ ತೋರುಸ್ತಾಳೆ? ಕಾಗ್ದ ನೋಡ್ಕಂಡೇ ತಗಂಡ್ರು. ಸ್ಟೋರ್ಸ್ ಎಕ್ಸ್‌ಪೀರಿಯನ್ಸ್ ಇಟ್ಕಂಡು ಬಂದೋಳ್ನ ಲೇತ್‌ಗೆ ಯಾರ್ ತಗತಾರೆ ಬುಡಿ.” ಕೆಟ್ಟ ಹುಡುಗನಲ್ಲ ಅವನು. ಆರು ವರ್ಷ ಮಿಷಿನ್ ಮೇಲೆ ನಿಂತು ಕೆಲಸ ಕಲಿತಿದ್ದಾನೆ. ನಿಲ್ಲಲು ಅವನಿಗೆ ಜಾಗ ಸಿಕ್ಕಿತ್ತು, ಅಷ್ಟೇ.

ಸಿಹಿ ತಿಂದೆನೋ ಇಲ್ಲವೋ ಜ್ಞಾಪಕವಿಲ್ಲ. ತಿಂದಿರುತ್ತೇನೆ.

ಆ ವರ್ಷದಿಂದ ಹುಡುಗಿಯರ ಜಾಬ್ ಮಾಡುವುದನ್ನು ನಿಲ್ಲಿಸಿದೆ. ಮೊದಲ ದಿನದಿಂದಲೇ ಅವರನ್ನು ಮಿಷಿನ್ ಮೇಲೆ ನಿಲ್ಲಿಸುತ್ತೇನೆ. ಮೊದಲ ವರ್ಷ ಒಬ್ಬಳು ಅತ್ತಳು. ಒಬ್ಬಳ ತಂದೆ ಬಂದು, ಅಕ್ಕನಿಗೆ ಮಾಡಿಕೊಟ್ಟವರು ತಂಗಿಗೆ ಯಾಕೆ ಮಾಡುವುದಿಲ್ಲ ಎಂದು ಜಗಳವಾಡಿದ. ಪರೀಕ್ಷೆಯಲ್ಲಿ ಒಬ್ಬಳು ಫೇಲಾಗಿ ಮತ್ತೆ ಕಟ್ಟಿ ಪಾಸಾದಳು. ಇದನ್ನು ಪ್ರಾಯಶ್ಚಿತ್ತ ಎಂದು ಯಾರಾದರೂ ಕರೆದರೆ ನನಗೆ ನಾಚಿಕೆಯಾಗುತ್ತದೆ. ಕೆಲಸಕ್ಕೆ ಸೇರಿದ ದಿನದಿಂದ ನಾನು ಮಾಡಬೇಕಾಗಿದ್ದುದೇ ಅದು. ತಾಯಮ್ಮ ಈಗ ಅಪ್ಪನ ಮಿಲ್ಲು ನೋಡಿಕೊಳ್ಳುತ್ತಾಳೆ ಎಂದು ಕೇಳಿದ್ದೇನೆ. ಹೋಗಿ ನೋಡಿಲ್ಲ. ನೋಡಲು ಹೋಗುವುದೂ ನನ್ನ ನೆಮ್ಮದಿಗಾಗಿಯೇ ಆಗುತ್ತದೆ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಕಳೆದ ವಾರ ಚಾಮರಾಜನಗರದ ಸಂತೆಯಲ್ಲಿ ಒಬ್ಬ ಹೆಂಗಸು ಎದುರಿಗೆ ಬಂದು ಕೈಮುಗಿದಳು. ತಾಯಮ್ಮನಿಗಿಂತ ಬಹಳ ಹಿಂದಿನ ಬ್ಯಾಚಿನವಳು. ನಂಬರ್ ನೆನಪಾಯಿತು — ಪಂಚ್ ಹೊಡೆದ ಕೈಯಲ್ಲವೆ — ಹೆಸರು ಬರಲಿಲ್ಲ. ಈಗ ಏನು ಮಾಡುತ್ತಿದ್ದೀಯಮ್ಮ ಎಂದೆ. ಮನೆಯಲ್ಲೇ ಇದ್ದೀನಿ ಸಾ ಎಂದಳು. ಪಕ್ಕದಲ್ಲಿ ಎರಡನೇ ಕ್ಲಾಸಿನ ಮಗಳು ಇದ್ದಳು.

“ಕೈ ಮುಗಿ ಕಣಮ್ಮಿ, ನಮ್ ಮೇಷ್ಟ್ರು. ಇವ್ರು ಇಲ್ದೇ ಓಗಿದ್ರೆ ನಾನು ಪಾಸೇ ಆಯ್ತಿರ್ಲಿಲ್ಲ.”

ಮಗು ಕೈಮುಗಿದು ನನ್ನನ್ನು ಕಣ್ಣರಳಿಸಿ ನೋಡಿತು. ಅದರ ತಾಯಿ ಹೇಳಿದ್ದು ಅಕ್ಷರಶಃ ನಿಜ. ತಾಯಮ್ಮ ನನ್ನನ್ನು ಮೀರಿ ಕಲಿತಳು, ನಾನು ಮಾಡಿದ್ದನ್ನು ಮುಖಕ್ಕೆ ಕೇಳಿದಳು. ಇವಳಿಗೆ ಕೇಳುವುದಕ್ಕೆ ಏನಿದೆ ಎಂಬುದೇ ಗೊತ್ತಾಗದಂತೆ ಮಾಡಿ ಕಳಿಸಿದ್ದೇನೆ. ಇಂಥವರು ಎಷ್ಟು ಜನ? ಎಣಿಸಲು ಕೂತರೆ ಎಲ್ಲರೂ ನಗುತ್ತಾ ಕೈಮುಗಿಯುತ್ತಾರೆ.

ನಾನು ಕಲಿಸಲೇ ಇಲ್ಲ ಎಂಬ ನಿಜವನ್ನು ಆ ಮಗುವಿನ ಎದುರಿಗೇ ಹೇಳಬೇಕಿತ್ತು. ತರಕಾರಿಯ ಚೀಲ ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು, ಚೆನ್ನಾಗಿ ಓದು ಪುಟ್ಟಾ ಎಂದು ಬಂದೆ.

ಆ ಹೆಂಗಸಿನ ಮನೆ ಯಾವ ಬೀದಿಯಲ್ಲಿ ಎಂದು ವಿಚಾರಿಸಿ ಇಟ್ಟುಕೊಂಡಿದ್ದೇನೆ. ಈ ಭಾನುವಾರ ಹೋಗುತ್ತೇನೆ. ಹೆಸರನ್ನೂ ಕೇಳಿ ತಿಳಿದುಕೊಳ್ಳಬೇಕು.